ಇವರ ಚೀನಾ

ಕಳೆದ ಶನಿವಾರ ಮಧ್ಯಾಹ್ನ ಸಟನ್ ಕೋಲ್ಡ್‌ಫೀಲ್ಡ್‌ನಲ್ಲಿರುವ ಗೆಳತಿ ನಸೀಮಾಳ ಮನೆಗೆ ಊಟಕ್ಕೆ ಹೋಗಿದ್ದೆವು. ಬಾಗಿಲು ತೆರೆದರೆ ಒಳಗೆ ಕಾಲಿಡಲು ಜಾಗವಿಲ್ಲ. ಈ ಇಂಗ್ಲೆಂಡಿನಲ್ಲಿ ನಮ್ಮವರ ಮನೆ ಪತ್ತೆ ಹಚ್ಚಲು ಪೋಸ್ಟ್‌ಕೋಡ್ ಬೇಡ, ಬಾಗಿಲ ಹಿಂದೆ ಗುಡ್ಡೆ ಬಿದ್ದ ಶೂ ಚಪ್ಪಲಿಗಳನ್ನು ನೋಡಿದರೆ ಸಾಕು. ಯಾರದೋ ಕೆಸರು ಮೆತ್ತಿದ ಬೂಟು, ಮಕ್ಕಳ ದೀಪ ಮಿನುಗುವ ಶೂ, ಹೊಸದಾಗಿ ಮದುವೆಯಾದ ಯಾವುದೋ ಹುಡುಗಿಯ ಎತ್ತರದ ಹಿಮ್ಮಡಿಯ ಚಪ್ಪಲಿ. ಮಳೆಗೆ ನೆನೆದ ಚರ್ಮದ್ದೂ ಕಾಲುಚೀಲದ್ದೂ ಸೇರಿದ ಒಂದು ವಾಸನೆ. ಅದನ್ನು ಮುಚ್ಚಲು ನಸೀಮಾ ಗುಲಾಬಿಯ ಸ್ಪ್ರೇ ಹೊಡೆದಿದ್ದಳು. ಈಗ ಗುಲಾಬಿಯೂ ಕಾಲುಚೀಲದ ವಾಸನೆ ಬೀರುತ್ತಿತ್ತು.

ಇವರು, ಎಂದರೆ ನನ್ನ ಗಂಡ, ಗೋಡೆ ಹಿಡಿದು ಬಗ್ಗಿ ಲೇಸು ಬಿಚ್ಚುವಾಗ ನನ್ನ ಮುಖ ನೋಡಲಿಲ್ಲ. ನಾನು ಬೇಕೆಂದೇ ಅವರ ಮುಖವನ್ನು ನೋಡುತ್ತ ನಿಂತೆ. ಶೂ ಬಿಚ್ಚುವ ಸಂದರ್ಭ ಬಂದಾಗಲೆಲ್ಲ ಎರಡು ವರ್ಷದಿಂದ ನಮ್ಮಿಬ್ಬರ ನಡುವೆ ಈ ಆಟ ನಡೆದಿದೆ. ಅದರ ಹಿನ್ನೆಲೆ ಹೇಳದಿದ್ದರೆ, ಇಂಥ ದೊಡ್ಡ ಎಂಜಿನಿಯರು ಕಂಡವರ ಮನೆಯ ಬಾಗಿಲಲ್ಲಿ ಯಾಕೆ ಇಂಗು ತಿಂದ ಮಂಗನ ಹಾಗೆ ನಿಲ್ಲುತ್ತಾರೆ ಎಂಬುದು ನಿಮಗೆ ತಿಳಿಯುವುದಿಲ್ಲ. ಬಿರಿಯಾನಿ ಇನ್ನೂ ದಮ್ಮಿನಲ್ಲಿದೆ, ಸಮಯವಿದೆ. ಕೇಳಿ.

ನಾವು ಡರ್ಬಿಯವರು. ಹುಟ್ಟಿದ್ದು ಒಬ್ಬರು ಹಾಸನದಲ್ಲಿ, ಒಬ್ಬರು ತುಮಕೂರಿನಲ್ಲಿ. ಕೌನ್ಸಿಲ್ ಟ್ಯಾಕ್ಸ್ ಕಟ್ಟುವುದು ಡರ್ಬಿಯಲ್ಲಿ, ಆದ್ದರಿಂದ ಡರ್ಬಿಯವರು. ಇವರು ವಿಮಾನದ ಎಂಜಿನ್ ತಯಾರಿಸುವ ಕಾರ್ಖಾನೆಯಲ್ಲಿದ್ದರು, ನಾನು ಆಸ್ಪತ್ರೆಯ ಫಾರ್ಮಸಿಯಲ್ಲಿ ಇದ್ದೇನೆ. ಇವರ ಕಾರ್ಖಾನೆಗೂ ಚೀನಾದ ಶಿಯಾನ್ ನಗರದ ಹತ್ತಿರದ ಇನ್ನೊಂದು ಕಾರ್ಖಾನೆಗೂ ಏನೋ ಕೊಡುಕೊಳ್ಳುವ ವ್ಯವಹಾರ. ಹೀಗಾಗಿ ವರ್ಷದಲ್ಲಿ ಹಲವು ಸಲ ಇವರು ವಾರಗಟ್ಟಲೆ ಚೀನಾದಲ್ಲಿರುತ್ತಿದ್ದರು. ಇವರು ವಿಮಾನ ಹತ್ತಿದ ದಿನವೇ ಮನೆ ಬೆಚ್ಚಗಿಡುವ ಬಾಯ್ಲರ್ ಕೆಡಬೇಕು, ಮಗನಿಗೆ ಜ್ವರ ಬರಬೇಕು, ನನಗೆ ಭಾನುವಾರವೇ ಡ್ಯೂಟಿ ಬೀಳಬೇಕು, ಇದು ನಮ್ಮ ಮನೆಯ ಸಂಪ್ರದಾಯ. ಕಂಕುಳಲ್ಲಿ ಮಗು, ಕಿವಿಗೂ ಭುಜಕ್ಕೂ ನಡುವೆ ಫೋನು ಸಿಕ್ಕಿಸಿಕೊಂಡು ನಾನು ಬಾಯ್ಲರ್ ರಿಪೇರಿಯವನ ಜೊತೆ ವಾದ ಮಾಡುತ್ತಿದ್ದರೆ, ಇವರು ಚೀನಾ ನೋಡುತ್ತಿದ್ದರು.

ನೋಡುತ್ತಿದ್ದರು ಎಂದು ಹೇಳಿದವರು ಅವರೇ. ವಾಪಸು ಬಂದ ವಾರದ ಕೊನೆಗೆ ಯಾರದಾದರೂ ಮನೆಯಲ್ಲಿ ಊಟ ಇದ್ದೇ ಇರುತ್ತಿತ್ತು. ಅಲ್ಲಿ ಇವರ ಮಾತು ಶುರುವಾದರೆ ಬೇರೆ ಗಂಡಸರ ಮಾರ್ಟ್‌ಗೇಜ್ ಮಾತು ತಾನಾಗಿ ನಿಂತುಹೋಗುತ್ತಿತ್ತು. "ಕಂಪನಿ ಕಾರು, ಗೈಡು ಎಲ್ಲ ನನಗಾಗಲ್ಲ ಸ್ವಾಮಿ. ಭಾನುವಾರ ಬಂತು ಅಂದ್ರೆ ಒಬ್ಬನೇ ಟ್ರೈನ್ ಹತ್ತಿಬಿಡ್ತೀನಿ. ದೇಶ ನೋಡೋದು ಅಂದ್ರೆ ಹಂಗೆ ನೋಡ್ಬೇಕು." ನಮ್ಮ ಕನ್ನಡದ ಮಂದಿ ಬೇಸಿಗೆಗೊಮ್ಮೆ ಕೋಚ್ ಬಸ್ಸು ಮಾಡಿಕೊಂಡು, ಡಬ್ಬಿಗಟ್ಟಲೆ ಪುಳಿಯೋಗರೆ ತುಂಬಿಕೊಂಡು ಯಾವುದಾದರೂ ಕೋಟೆಗೆ ಹೋಗುವುದುಂಟು. ಕೋಟೆಗೆ ಬೆನ್ನು ಮಾಡಿ ಕೂತು ಪುಳಿಯೋಗರೆ ತಿಂದು ಬರುವುದೂ ಉಂಟು. ಇವರಿಗೆ ಅದನ್ನು ಕಂಡರೆ ಆಗದು. "ಕುರಿಗಳನ್ನ ಲಾರೀಲಿ ತುಂಬ್ಕೊಂಡು ಹೋದ ಹಾಗೆ" ಎಂದು ಮೂಗು ಮುರಿಯುತ್ತಿದ್ದರು. ಪುಳಿಯೋಗರೆಯನ್ನು ಮಾತ್ರ ಎರಡು ಸಲ ಹಾಕಿಸಿಕೊಳ್ಳುತ್ತಿದ್ದರು.

ಒಮ್ಮೆ ಮ್ಯಾಂಚೆಸ್ಟರ್‌ನ ಚೈನಾಟೌನ್‌ಗೆ ಕೆಲವು ಕುಟುಂಬಗಳು ಸೇರಿ ಹೋಗಿದ್ದೆವು. ವೇಟರ್ ಹುಡುಗ ಬಂದ ಕೂಡಲೇ ಇವರು ಗಂಟಲು ಸರಿಮಾಡಿಕೊಂಡು ಚೀನೀ ಭಾಷೆಯಲ್ಲಿ ಏನೋ ಅಪ್ಪಣೆ ಕೊಡಿಸಿದರು. ಹುಡುಗ ಗಾಬರಿಯಾಗಿ ನನ್ನ ಮುಖ ನೋಡಿದ. ಇವರು ಅದನ್ನೇ ಇನ್ನೂ ನಿಧಾನವಾಗಿ, ಕಿವುಡರಿಗೆ ಹೇಳುವಂತೆ ಹೇಳಿದರು. "ಸಾರಿ, ಐ ಓನ್ಲಿ ಸ್ಪೀಕ್ ಇಂಗ್ಲಿಷ್" ಎಂದ ಹುಡುಗ, ಪಕ್ಕದ ಸ್ಟಾಕ್‌ಪೋರ್ಟ್ ಊರಿನ ಅಪ್ಪಟ ಧಾಟಿಯಲ್ಲಿ. ಇವರು ಅಲುಗಲಿಲ್ಲ. ನಮ್ಮ ಕಡೆ ತಿರುಗಿ, "ನೋಡಿ, ಇಲ್ಲೇ ಹುಟ್ಟಿದ ಮಕ್ಕಳು. ತಾಯಿಭಾಷೆ ಮರೆತುಬಿಟ್ಟಿವೆ, ಪಾಪ" ಎಂದು ಮರುಗಿದರು. ಅವರು ಹಾಗೆ ಮರುಗುವುದಕ್ಕೂ ಪಕ್ಕದಲ್ಲಿದ್ದ ನಮ್ಮ ಮಗಳು "ಡ್ಯಾಡ್, ಕ್ಯಾನ್ ವಿ ಜಸ್ಟ್ ಆರ್ಡರ್ ಪ್ಲೀಸ್?" ಎನ್ನುವುದಕ್ಕೂ ಸರಿಹೋಯಿತು.

ಪ್ರತಿ ಸಲ ಬರುವಾಗ ಫ್ರಿಜ್ಜಿಗೆ ಅಂಟಿಸುವ ಒಂದು ಮ್ಯಾಗ್ನೆಟ್ ತರುತ್ತಿದ್ದರು. ಗೋಡೆ, ಗೋಪುರ, ಪಾಂಡಾ. ಅವುಗಳಲ್ಲಿ ಒಂದು ಬುದ್ಧ. ಲುವೊಯಾಂಗ್ ಎಂಬ ಊರಿನ ಹತ್ತಿರ ಲೊಂಗ್‌ಮೆನ್ ಎಂದು ಒಂದು ಜಾಗವಿದೆ. ನದಿಯ ದಂಡೆಯ ಬೆಟ್ಟವನ್ನು ಕೊರೆದು ಮಾಡಿದ ಲೆಕ್ಕವಿಲ್ಲದಷ್ಟು ಗುಹೆಗಳು, ಗುಹೆಯ ತುಂಬ ಬುದ್ಧರು, ನಡುವೆ ಬಯಲಿಗೆ ಮುಖ ಮಾಡಿ ಕೂತ ಒಬ್ಬ ಮಹಾ ಬುದ್ಧ. ಇವರ ಕಥೆಗಳಿಗೆಲ್ಲ ಕಿರೀಟ ಆ ಕಥೆ. "ನಾನು ಹೋದಾಗ ಮಂಜು ಬಿದ್ದಿತ್ತು. ಒಂದು ನರಪಿಳ್ಳೆ ಇಲ್ಲ. ಒಬ್ಬನೇ ನಿಂತಿದ್ದೆ. ಬುದ್ಧ ಕಣ್ಣು ಬಿಟ್ಟು ನನ್ನ ನೋಡಿದ ಹಾಗಾಯ್ತು ನೋಡಿ." ಇಲ್ಲಿಗೆ ಬಂದಾಗ ಇವರು ತಾವೂ ಕಣ್ಣು ಅರೆ ಮುಚ್ಚುತ್ತಿದ್ದರು. ಹೆಂಗಸರು ಗಲ್ಲಕ್ಕೆ ಕೈ ಹಚ್ಚಿ ಕೂತಿರುತ್ತಿದ್ದರು. ಒಬ್ಬಾಕೆಯಂತೂ, "ನಿಮ್ಮ ಯಜಮಾನರು ಎಷ್ಟು ಆಳ ಅಲ್ವಾ" ಎಂದಿದ್ದಳು. ಆಳ ಹೌದು, ನನಗೇ ತಳ ಕಂಡಿರಲಿಲ್ಲ.

ನಾನೇನು ಕಡಿಮೆಯವಳಲ್ಲ. ಫಾರ್ಮಸಿಯಲ್ಲಿ ಯಾರಾದರೂ "ವೀಕೆಂಡ್ ಏನು ಮಾಡಿದೆ?" ಎಂದು ಕೇಳಿದರೆ, ಬಟ್ಟೆ ಒಗೆದೆ ಎಂದು ಹೇಳುವುದರ ಬದಲು "ನನ್ನ ಗಂಡ ಚೀನಾದಲ್ಲಿದ್ದಾರೆ" ಎನ್ನುತ್ತಿದ್ದೆ. ಅದರಿಂದ ಬಟ್ಟೆಗೂ ಒಂದು ತೂಕ ಬರುತ್ತಿತ್ತು. ಆದರೆ ಒಳಗೊಳಗೆ ಹೊಟ್ಟೆಕಿಚ್ಚು. ಚೀನಾವನ್ನು ನೋಡಬೇಕು ಎಂದು ಆಸೆಪಟ್ಟವಳು ನಾನು, ಶಾಲೆಯ ಅಟ್ಲಾಸಿನಲ್ಲಿ ಬೆರಳಿಟ್ಟು ನದಿಗಳ ಮೇಲೆ ಓಡಾಡಿದವಳು ನಾನು. ಇವರಿಗೆ ಮದುವೆಗೆ ಮುಂಚೆ ಹಾಸನದಿಂದ ಬೇಲೂರಿಗೆ ಹೋಗುವುದೇ ದೂರವಾಗಿತ್ತು. ಇರಲಿ ಎಂದು ನಾನೇ ನನಗೆ ಸಮಾಧಾನ ಹೇಳಿಕೊಂಡಿದ್ದೆ. ಮಕ್ಕಳಿರುವ ಮನೆಯಲ್ಲಿ ಒಬ್ಬರು ಕೂರಲೇಬೇಕು. ನಾನು ಕೂರುತ್ತೇನೆ, ಅವರು ನೋಡಿ ಬರಲಿ, ಬಂದು ಹೇಳಲಿ. ನನ್ನ ಪಾಲಿನ ಚೀನಾ ಅವರ ಕಣ್ಣಲ್ಲಿದೆ ಎಂದುಕೊಂಡು ಆ ವರ್ಷಗಳನ್ನು ದಾಟಿದೆ. ಇದು ನಾನು ಯಾರಿಗೂ ಹೇಳದ ಒಪ್ಪಂದ, ಇವರಿಗೂ ಹೇಳಿರಲಿಲ್ಲ.

ಎರಡು ವರ್ಷದ ಹಿಂದೆ ಇವರು ನಿವೃತ್ತಿ ತೆಗೆದುಕೊಂಡಾಗ ಶಿಯಾನ್‌ನವರು ಕೊನೆಯದಾಗಿ ಒಂದು ಸಲ ಬನ್ನಿ, ಶ್ರೀಮತಿಯವರನ್ನೂ ಕರೆತನ್ನಿ ಎಂದು ಕರೆದರು. ಮಕ್ಕಳು ದೊಡ್ಡವರಾಗಿ ತಮ್ಮ ಪಾಡಿಗೆ ತಾವಿದ್ದರು. ಬಾಯ್ಲರ್ ಕೂಡ ಹೊಸದು. ಹೊರಟೆ.

ಶಿಯಾನ್‌ನಲ್ಲಿ ಊಟ, ಹಾರ, ಫೋಟೋ ಎಲ್ಲ ಮುಗಿದ ಮೇಲೆ ಒಂದು ದಿನ ಬಿಡುವಾಗಿ ಉಳಿಯಿತು. ಅಲ್ಲಿನವರು ಕಾರು, ಇಂಗ್ಲಿಷ್ ಬಲ್ಲ ಹುಡುಗಿಯೊಬ್ಬಳು, ಎಲ್ಲ ಸಿದ್ಧ ಮಾಡಿದ್ದರು. ಇವರ ಮುಖದಲ್ಲಿ ನೆಮ್ಮದಿ. ನಾನು ನಡುವೆ ಬಾಯಿ ಹಾಕಿ, ಬೇಡ, ನನ್ನ ಗಂಡನಿಗೆ ಕಂಪನಿ ಕಾರೆಂದರೆ ಆಗುವುದಿಲ್ಲ, ನಾವು ಟ್ರೈನಿನಲ್ಲಿ ಲೊಂಗ್‌ಮೆನ್‌ಗೆ ಹೋಗುತ್ತೇವೆ, ಅವರಿಗೆ ದಾರಿ ಗೊತ್ತು ಎಂದೆ. ಅಲ್ಲಿನ ಮ್ಯಾನೇಜರು ಇವರ ಕಡೆ ಆಶ್ಚರ್ಯದಿಂದ ನೋಡಿದ. ಇವರು ಟೀ ಲೋಟದೊಳಗೆ ನೋಡಿದರು.

ರೂಮಿಗೆ ಬಂದ ಮೇಲೆ ಒಂದೊಂದೇ ಅಡ್ಡಿ ಬಂತು. "ಅಲ್ಲಿ ತುಂಬಾ ಮೆಟ್ಟಿಲು ಕಣೆ, ನಿನ್ನ ಮಂಡಿ..." ನನ್ನ ಮಂಡಿ ಸರಿಯಾಗಿದೆ ಎಂದೆ. "ಇಲ್ಲೇ ಪಕ್ಕದಲ್ಲಿ ಒಳ್ಳೆ ಮ್ಯೂಸಿಯಂ ಇದೆಯಂತೆ." ಇದೆಯಂತೆ ಎಂದರೆ ಇಷ್ಟು ವರ್ಷ ಬಂದು ಹೋದರೂ ನೋಡಿಲ್ಲವೇ ಎಂದೆ. "ಹವಾಮಾನ..." ಮಂಜಿದ್ದರೆ ಇನ್ನೂ ಒಳ್ಳೆಯದಲ್ಲವೇ, ಬುದ್ಧ ಕಣ್ಣು ಬಿಡುತ್ತಾನೆ ಎಂದೆ. ಆಗಲೇ ನನಗೆ ಅನುಮಾನ ಬರಬೇಕಿತ್ತು. ಆದರೆ ಖುಷಿಯಲ್ಲಿರುವ ಹೆಂಗಸಿಗೆ ಅನುಮಾನ ತಡವಾಗಿ ಬರುತ್ತದೆ.

ಬೆಳಿಗ್ಗೆ ಸ್ಟೇಷನ್ನಿಗೆ ಹೋದೆವು. ನಮ್ಮ ವಿಮಾನ ನಿಲ್ದಾಣಗಳನ್ನೇ ನುಂಗುವಷ್ಟು ದೊಡ್ಡದು. ಎಲ್ಲರೂ ಗುರುತಿನ ಚೀಟಿ ಒತ್ತಿ ಗೇಟು ದಾಟುತ್ತಿದ್ದರು. ಇವರು ಪಾಸ್‌ಪೋರ್ಟನ್ನು ಅದೇ ಗೇಟಿಗೆ ಉಜ್ಜಿ ಉಜ್ಜಿ ನೋಡಿದರು. ಅದು ತೆರೆಯಲಿಲ್ಲ. "ಮೊದಲು ಹೀಗಿರಲಿಲ್ಲ. ಎಲ್ಲ ಚೇಂಜ್ ಮಾಡಿಬಿಟ್ಟಿದ್ದಾರೆ." ಪಕ್ಕದಲ್ಲಿ ವಿದೇಶಿಯರಿಗೆ ಬೇರೆ ಸಾಲಿತ್ತು, ನಾನೇ ನೋಡಿ ಎಳೆದುಕೊಂಡು ಹೋದೆ. ಟ್ರೈನು ಹತ್ತಿದಾಗಲೂ ಅದೇ ಮಾತು, ಇಳಿದು ಬಸ್ಸು ಹುಡುಕುವಾಗಲೂ ಅದೇ ಮಾತು. ಲೊಂಗ್‌ಮೆನ್ ತಲುಪಿ ನದಿಯ ದಂಡೆಯಲ್ಲಿ ನಡೆಯುವಾಗ ಮೂರನೆಯ ಗುಹೆಯ ಮುಂದೆ, "ಯಾಕ್ರೀ, ಈ ಗುಹೆಯೂ ಮೊದಲು ಇಲ್ಲಿರಲಿಲ್ವಾ?" ಎಂದೆ. ಇವರು ಬುದ್ಧನಷ್ಟೇ ಗಂಭೀರವಾಗಿ ನದಿ ನೋಡಿದರು.

ಆದರೂ ಜಾಗ ಚೆನ್ನಾಗಿತ್ತು. ಅಷ್ಟು ಚೆನ್ನಾಗಿರುತ್ತದೆ ಎಂದು ಇವರ ಕಥೆಯಲ್ಲಿ ಇರಲಿಲ್ಲ. ಬೆರಳಿನುದ್ದದ ಬುದ್ಧರು ಗೋಡೆಯ ತುಂಬ ಸಾಲು ಸಾಲಾಗಿ ಕೂತಿದ್ದರು. ಕೆಲವಕ್ಕೆ ತಲೆಯಿಲ್ಲ, ಕೆಲವಕ್ಕೆ ಮುಖವಿಲ್ಲ, ಆದರೂ ಕೂತಿದ್ದರು. ನಾನು ಪ್ರತಿ ಗುಹೆಯ ಮುಂದೆ ನಿಂತೆ. ಇವರು ಮುಂದೆ ಮುಂದೆ ನಡೆದರು, ದಾರಿ ಬಲ್ಲವರು ನಡೆಯುವ ರೀತಿಯಲ್ಲಿ.

ಮಹಾ ಬುದ್ಧನಿಗೆ ಹೋಗುವ ಮೆಟ್ಟಿಲ ಬುಡಕ್ಕೆ ಬಂದಾಗ ಇವರಿಗೆ ಹೋದ ಜೀವ ಮರಳಿತು. ಕೊನೆಗೂ ಮೊದಲಿನ ಹಾಗೆಯೇ ಇರುವ ಒಂದು ವಿಷಯ ಸಿಕ್ಕಿತು ಎಂಬಂತೆ, "ಇಲ್ಲಿ ಶೂ ಬಿಡಬೇಕು" ಎಂದರು.

"ಯಾರೂ ಬಿಟ್ಟಿಲ್ವಲ್ರೀ?"

"ಇವರೆಲ್ಲ ಟೂರಿಸ್ಟುಗಳು, ಇವರಿಗೇನ್ ಗೊತ್ತು? ಬುದ್ಧನ ಮುಂದೆ ಶೂ ಹಾಕ್ಕೊಂಡು ನಿಲ್ತಾರೇನೆ ಯಾರಾದ್ರೂ? ನಾನು ಬಂದಾಗೆಲ್ಲ ಇಲ್ಲೇ, ಈ ಕಲ್ಲಿನ ಪಕ್ಕದಲ್ಲೇ ಬಿಟ್ಟಿದ್ದೀನಿ."

ದೇವರ ಮುಂದೆ ಚಪ್ಪಲಿ ಬಿಡು ಎಂದರೆ ನಮ್ಮಂಥವರ ಕಾಲು ತಲೆಯನ್ನು ಕೇಳುವುದಿಲ್ಲ. ಬಿಚ್ಚಿದೆ. ಇವರು ಅಷ್ಟಕ್ಕೇ ನಿಲ್ಲಿಸಲಿಲ್ಲ. ಎಡಗಾಲಿನ ಶೂಗಳನ್ನು ಕಲ್ಲಿನ ಪಕ್ಕ ಇಟ್ಟು, ಬಲಗಾಲಿನವನ್ನು ತೆಗೆದುಕೊಂಡು ಹೋಗಿ ದೂರದ ಒಂದು ಕಂಬದ ಬುಡದಲ್ಲಿಟ್ಟು ಬಂದರು. ಜೋಡಿ ಅಗಲಿಸಿ ಇಟ್ಟರೆ ಕಳ್ಳರು ಒಯ್ಯುವುದಿಲ್ಲ, ಇದು ಊರಿನ ದೇವಸ್ಥಾನಗಳಲ್ಲಿ ನಾವೆಲ್ಲ ಕಲಿತು ಬಂದ ವಿದ್ಯೆ. ಮೂವತ್ತು ವರ್ಷ ವಿಮಾನದ ಎಂಜಿನ್ ಮಾಡಿದರೂ ಇದನ್ನು ಮರೆತಿರಲಿಲ್ಲ. ಸುತ್ತಲಿನ ಚೀನೀಯರು ಕಾಲುಚೀಲದಲ್ಲಿ ನಿಂತ ನಮ್ಮನ್ನು ನೋಡಿ ದಾರಿ ಬಿಟ್ಟುಕೊಟ್ಟರು. ಇವರು ಅದನ್ನು ಗೌರವ ಎಂದು ತಿಳಿದರು.

ಮೇಲೆ ಮಂಜಿರಲಿಲ್ಲ, ಒಬ್ಬರೇ ನಿಲ್ಲುವುದಕ್ಕೆ ಜಾಗವೂ ಇರಲಿಲ್ಲ. ಸೆಲ್ಫಿ ಕೋಲುಗಳ ಕಾಡು. ಕಾಲುಚೀಲದ ಮೂಲಕ ಕಲ್ಲಿನ ಚಳಿ ಏರುತ್ತಿತ್ತು. ಆದರೂ ತಲೆ ಎತ್ತಿ ನೋಡಿದಾಗ ನಾನು ಎಲ್ಲ ಮರೆತೆ. ಆ ಮುಖದಲ್ಲಿ ನಗುವಿದೆ, ಆದರೆ ನಿಮಗಾಗಿ ನಕ್ಕದ್ದಲ್ಲ. ಒಬ್ಬ ಮಹಾರಾಣಿಯ ಮುಖವನ್ನು ನೋಡಿ ಅದನ್ನು ಕಡೆದರಂತೆ. ಗಂಡನ ಹೆಸರಿನಲ್ಲಿ ರಾಜ್ಯ ಆಳಿ, ಆಮೇಲೆ ಆ ಹೆಸರಿನ ಹಂಗೂ ಬೇಡವೆಂದು ತಾನೇ ಸಿಂಹಾಸನ ಹತ್ತಿದವಳು ಆಕೆ ಎಂದು ಫೋನಿನಲ್ಲಿ ಓದಿದೆ. ನನಗೆ ಬಹಳ ಸಂತೋಷವಾಯಿತು. ಯಾಕೆಂದು ಆಗ ಯೋಚಿಸಲಿಲ್ಲ.

ಸಾಕೆನಿಸಿದಾಗ ಹತ್ತಿದ ಮೆಟ್ಟಿಲ ಕಡೆ ತಿರುಗಿದೆವು. ಸಮವಸ್ತ್ರದ ಹೆಂಗಸೊಬ್ಬಳು ಕೈ ಅಡ್ಡ ಹಿಡಿದಳು. ಇವರು ಚೀನೀ ಭಾಷೆಯಲ್ಲಿ ಏನೋ ಹೇಳಿದರು. ಆಕೆ ತಲೆಯಾಡಿಸಿ ಇನ್ನೊಂದು ಬದಿಗೆ ಕೈ ತೋರಿಸಿದಳು. ಅಲ್ಲಿ ಬೇರೆ ಮೆಟ್ಟಿಲು. ಹತ್ತುವವರದ್ದು ಈ ಕಡೆ, ಇಳಿಯುವವರದ್ದು ಆ ಕಡೆ. ಹತ್ತಿದ ದಾರಿಯಲ್ಲಿ ಯಾರೂ ಇಳಿಯುವಂತಿಲ್ಲ. ಕೆಳಗಿನಿಂದ ಜನ ಪ್ರವಾಹದ ಹಾಗೆ ಮೇಲೆ ಬರುತ್ತಿತ್ತು. ಇವರು ತಮ್ಮ ಕಾಲು ತೋರಿಸಿದರು, ಮೆಟ್ಟಿಲು ತೋರಿಸಿದರು, ಮತ್ತೆ ಕಾಲು ತೋರಿಸಿದರು. ಆಕೆ ಇವರ ಕಾಲುಚೀಲ ನೋಡಿ, ಬುದ್ಧನನ್ನು ನೋಡಿ, ಏನೂ ತೋಚದೆ ಮತ್ತೆ ಇನ್ನೊಂದು ಬದಿಗೇ ಕೈ ತೋರಿಸಿದಳು.

"ಮೊದಲು ಹೀಗಿರಲಿಲ್ಲ" ಎಂದರು ಇವರು.

ನಾನು ಸುತ್ತ ನೋಡಿದೆ. ಇಕ್ಕಟ್ಟಾದ ಬೆಟ್ಟದ ಮೈಯಲ್ಲಿ ಎರಡು ಮೆಟ್ಟಿಲು ದಾರಿ, ಕಾಲುಗಳು ಉಜ್ಜಿ ಉಜ್ಜಿ ನುಣುಪಾದ ಕಲ್ಲು. ಇವತ್ತು ನಿನ್ನೆ ಮಾಡಿದ್ದಲ್ಲ. ಇಲ್ಲಿಗೆ ಒಂದೇ ಒಂದು ಸಲ ಬಂದವರಿಗೂ ಇದು ಗೊತ್ತಿರುತ್ತದೆ. ಬಂದಾಗೆಲ್ಲ ಆ ಕಲ್ಲಿನ ಪಕ್ಕ ಶೂ ಬಿಟ್ಟವರು ಹಾಗಾದರೆ ಬರಿಗಾಲಲ್ಲಿ ಮನೆಗೆ ಹೋದರೇ? ನಾನು ಇವರ ಮುಖ ನೋಡಿದೆ. ಇವರು ನನ್ನ ಮುಖ ನೋಡಲಿಲ್ಲ. ಆ ಕ್ಷಣದಲ್ಲಿ ನನಗೆ ಎಲ್ಲ ತಿಳಿಯಿತು.

ಇನ್ನೊಂದು ಬದಿಯಲ್ಲಿ ಇಳಿದು, ನದಿಯ ದಂಡೆಗುಂಟ ಬರುವ ಜನರಿಗೆ ಎದುರಾಗಿ ನಡೆದು, ಹತ್ತುವ ಮೆಟ್ಟಿಲ ಬುಡಕ್ಕೆ ಬಂದೆವು. ಕಲ್ಲಿನ ಪಕ್ಕ ಎಡಗಾಲಿನ ಶೂಗಳು ಎರಡೂ ಇದ್ದವು. ಕಂಬದ ಬುಡ ಗುಡಿಸಿ ಸ್ವಚ್ಛವಾಗಿತ್ತು. ಕಂಬದ ಕೆಳಗೆ ಒಂಟಿ ಶೂ ಬಿದ್ದಿದ್ದರೆ ಯಾವ ಊರಿನ ಕಸ ಗುಡಿಸುವವರಾದರೂ ಅದನ್ನು ಕಸವೆಂದೇ ತಿಳಿಯುತ್ತಾರೆ. ನಮ್ಮ ಬಲಗಾಲಿನ ಶೂಗಳು ಯಾವ ಗಾಡಿಯಲ್ಲಿ ಎತ್ತ ಹೋದವೋ, ಕೈಸನ್ನೆ ಮಾಡಿ ಕೇಳಿದವರೆಲ್ಲ ನಗುತ್ತ ತಲೆಯಾಡಿಸಿದರು. ಕಳ್ಳರಿಂದ ಮಾತ್ರ ಕಾಪಾಡಿದ್ದೆವು.

ನದಿಗೆ ಮುಖ ಮಾಡಿದ ಕಲ್ಲುಬೆಂಚಿನ ಮೇಲೆ ಕೂತೆವು. ಇಬ್ಬರ ಮಡಿಲಲ್ಲೂ ಒಂದೊಂದು ಎಡಗಾಲಿನ ಶೂ.

"ರೀ, ನಿಜ ಹೇಳಿ. ಇಲ್ಲಿಗೆ ಯಾವತ್ತಾದ್ರೂ ಬಂದಿದ್ರಾ?"

"ಇಲ್ಲ ಕಣೆ."

"ಬೇರೆ ಎಲ್ಲಿಗೆ ಹೋಗಿದ್ರಿ?"

"ಫ್ಯಾಕ್ಟರಿಗೆ. ಹೋಟೆಲಿಗೆ. ಡ್ರೈವರ್ ಬಿಡ್ತಿದ್ದ, ಕರ್ಕೊಂಡು ಹೋಗ್ತಿದ್ದ."

"ಭಾನುವಾರ?"

"ರೂಮಲ್ಲೇ. ನೀನು ಕಟ್ಟಿಕೊಡ್ತಿದ್ದ ಅವಲಕ್ಕಿ ಇರ್ತಿತ್ತಲ್ಲ. ಬಿಸಿನೀರು ಹಾಕ್ಕೊಂಡು ತಿಂದು, ಮಲಗ್ತಿದ್ದೆ. ಒಂದ್ಸಲ ಹೊರಗೆ ಹೋದೆ, ಬೀದಿ ತುದಿವರೆಗೆ. ತಿರುಗಿ ನೋಡಿದ್ರೆ ಎಲ್ಲ ಬಿಲ್ಡಿಂಗೂ ಒಂದೇ ಥರ ಕಾಣ್ತು. ಭಯ ಆಗಿ ವಾಪಸ್ ಬಂದ್ಬಿಟ್ಟೆ."

"ಮ್ಯಾಗ್ನೆಟ್ಟು?"

"ಏರ್‌ಪೋರ್ಟಲ್ಲಿ ಎಲ್ಲಾ ಊರಿಂದೂ ಸಿಗುತ್ತೆ."

"ಮಂಜು? ಬುದ್ಧ ಕಣ್ಣು ಬಿಟ್ಟಿದ್ದು?"

ಇವರು ಶೂವಿನ ಲೇಸನ್ನು ಬೆರಳಿಗೆ ಸುತ್ತಿಕೊಂಡರು. "ನೀನು ಫೋನ್ ಮಾಡಿದಾಗೆಲ್ಲ, ಇವತ್ತು ಏನು ನೋಡಿದ್ರಿ, ಏನು ನೋಡಿದ್ರಿ ಅಂತ ಕೇಳ್ತಿದ್ದೆ. ಏನೂ ಇಲ್ಲ ಅಂದ್ರೆ ನಿನ್ನ ದನಿ ಇಳಿದುಹೋಗ್ತಿತ್ತು. ಹಿಂದೆ ಮಗು ಅಳೋದು ಕೇಳಿಸ್ತಿತ್ತು. ಒಂದಿನ ರೂಮಲ್ಲಿದ್ದ ಟೂರಿಸ್ಟ್ ಪುಸ್ತಕ ನೋಡ್ಕೊಂಡು ಏನೋ ಹೇಳಿದೆ. ನಿನಗೆ ಎಷ್ಟು ಖುಷಿಯಾಯ್ತು! ಆಮೇಲೆ ಊಟದ ಮನೆಗಳಲ್ಲಿ ನೀನೇ, ಹೇಳಿ, ಹೇಳಿ ಅಂತ ಎಬ್ಬಿಸ್ತಿದ್ದೆ."

ಹೌದು, ಎಬ್ಬಿಸುತ್ತಿದ್ದೆ. ಇವರು ಕಾಗೆ ಹಾರಿಸಿದರೆ ನಾನು ಕೆಳಗೆ ನಿಂತು ಚಪ್ಪಾಳೆ ಹೊಡೆದಿದ್ದೆ. ಅದೆಲ್ಲ ಸರಿ. ಆದರೆ ನನಗೆ ಬಂದ ಸಿಟ್ಟು ಬೇರೆ, ಅದು ನನಗೇ ಆಶ್ಚರ್ಯವಾಗುವಷ್ಟು ದೊಡ್ಡದಾಗಿತ್ತು.

"ಸುಳ್ಳು ಹೇಳಿದ್ದಕ್ಕಲ್ಲರೀ ನಂಗೆ ಕೋಪ. ಒಬ್ರು ಮನೇಲಿ ಕೂರಲೇಬೇಕಿತ್ತು, ನಾನು ಕೂತೆ. ಕೂತಿದ್ದಕ್ಕೆ ನಂಗೆ ಬೇಜಾರಿಲ್ಲ. ಆದ್ರೆ ಇನ್ನೊಬ್ರಾದ್ರೂ ನೋಡಬೇಕಿತ್ತಲ್ವಾ? ಇಷ್ಟು ವರ್ಷ ನಾವು ಇಬ್ರೂ ರೂಮಲ್ಲೇ ಕೂತಿದ್ವಾ?"

ಇವರು ಬೆರಳಿಗೆ ಸುತ್ತಿದ ಲೇಸನ್ನು ಬಿಚ್ಚಿದರು. ನಾನು ಇಷ್ಟು ವರ್ಷ ಹೊಟ್ಟೆಕಿಚ್ಚು ಪಟ್ಟದ್ದು ಹೋಟೆಲಿನ ರೂಮೊಂದರಲ್ಲಿ ನೆನೆದ ಅವಲಕ್ಕಿಯ ಮೇಲೆ. ನನಗೆ ಅಳು ಬಂತು. ಜೋರಾಗಿಯೇ ಅತ್ತೆ, ನನ್ನ ಗುರುತು ಯಾರಿಗಿದೆ ಅಲ್ಲಿ? ಕೈಯಲ್ಲಿ ಒಂಟಿ ಶೂ ಹಿಡಿದು ಅಳುವ ಹೆಂಗಸನ್ನು ಕಂಡು ಹಾದುಹೋಗುತ್ತಿದ್ದ ಅ‌ಜ್ಜಿಯೊಬ್ಬಳು ನಿಂತಳು. ಚೀಲದಿಂದ ಒಂದು ಕಿತ್ತಳೆ ತೆಗೆದು ನನಗೆ ಕೊಟ್ಟಳು. ಇವರ ಕಡೆ ಗುರಾಯಿಸಿ ನೋಡಿ ಹೋದಳು. ಇವರಿಗೆ ಚೀನಾದಲ್ಲಿ ಸರಿಯಾಗಿ ಅರ್ಥವಾದ ಮೊದಲ ಮಾತು ಬಹುಶಃ ಅದೇ.

ಕಿತ್ತಳೆ ಸಿಹಿಯಾಗಿತ್ತು. ಅರ್ಧ ಇವರಿಗೂ ಕೊಟ್ಟೆ, ಸಿಟ್ಟಿನಲ್ಲೇ. ತಿಂದು ಮುಗಿಸಿ ಎದ್ದೆ. "ಏಳಿ."

"ಎಲ್ಲಿಗೆ? ಹೋಟೆಲಿಗಾ?" ಎಂದರು ಆಸೆಯಿಂದ.

"ಸೇತುವೆ ದಾಟಿ ಆ ಕಡೆ ದಂಡೆಗೆ. ಇನ್ನೂ ಅರ್ಧ ನೋಡೋದಿದೆ."

"ಬರಿಗಾಲಲ್ಲಾ?"

"ದೇವರಿರೋ ಜಾಗ ಅಂದ್ರಲ್ಲ, ಬನ್ನಿ."

ಹೀಗೆ ನಾವು ಲೊಂಗ್‌ಮೆನ್ನಿನ ಉಳಿದ ಅರ್ಧವನ್ನು ಕಾಲುಚೀಲದಲ್ಲಿ ನೋಡಿದೆವು. ನಾನು ಮುಂದೆ, ಇವರು ಹಿಂದೆ. ನಾನು ಫೋನಿನಲ್ಲಿ ಓದಿ ಹೇಳಿದೆ, ಇವರು ಹೂಂಗುಟ್ಟಿದರು. ಜನಜಂಗುಳಿ ಬಂದಾಗ ಇವರ ಕೈ ಮೆಲ್ಲಗೆ ಬಂದು ನನ್ನ ಕೋಟಿನ ತೋಳು ಹಿಡಿಯುತ್ತಿತ್ತು. ಆಚೆ ದಂಡೆಯಿಂದ ನೋಡಿದರೆ ಇಡೀ ಬೆಟ್ಟ ಕಾಣುತ್ತದೆ, ಜೇನುಗೂಡಿನಂತೆ ತೂತು ಬಿದ್ದ ಬೆಟ್ಟ, ನಡುವೆ ಆ ಮಹಾರಾಣಿಯ ಮುಖ. ಇವರು ಬಹಳ ಹೊತ್ತು ನೋಡಿದರು. "ಚೆನ್ನಾಗಿದೆ ಅಲ್ವೇನೆ" ಎಂದರು. ಇಷ್ಟು ವರ್ಷದಲ್ಲಿ ಚೀನಾವನ್ನು ಕಣ್ಣಾರೆ ಕಂಡು ಇವರು ಆಡಿದ ಮೊದಲ ಮಾತು. ಅದಕ್ಕೆ ನನ್ನ ಸಿಟ್ಟು ಸ್ವಲ್ಪ ಇಳಿಯಿತು, ಪೂರ್ತಿಯಲ್ಲ.

ಹೊರಗಿನ ಅಂಗಡಿಬೀದಿಯಲ್ಲಿ ನನಗೆ ಹೂ ಹೆಣೆದ ಚಂದದ ಬಟ್ಟೆ ಶೂ ಸಿಕ್ಕಿತು. ಇವರ ಅಗಲ ಪಾದಕ್ಕೆ ಯಾವುದೂ ಹಿಡಿಸಲಿಲ್ಲ. ಕೊನೆಗೆ ಸಿಕ್ಕಿದ್ದು ಪಾಂಡಾದ ಮುಖವಿದ್ದ, ಮನೆಯೊಳಗೆ ಹಾಕುವ ಮೆತ್ತನೆ ಚಪ್ಪಲಿ. ಸೂಟು ಹಾಕಿದ ಚೀನೀ ಆಫೀಸರುಗಳ ನಡುವೆ ಬುಲೆಟ್ ಟ್ರೈನಿನಲ್ಲಿ ಎರಡು ಪಾಂಡಾಗಳನ್ನು ಕಾಲಡಿ ಇಟ್ಟುಕೊಂಡು ಇವರು ಕಣ್ಣು ಮುಚ್ಚಿ ಕೂತರು, ನಿದ್ದೆ ಬಂದವರ ಹಾಗೆ.

ಡರ್ಬಿಗೆ ಬಂದ ಮೇಲೆ ನಾನು ಯಾರಿಗೂ ಹೇಳಲಿಲ್ಲ. ಕ್ಷಮಿಸಿದೆ ಎಂದಲ್ಲ. ಬೇಕಾದಾಗ ತೆಗೆದು ಬಿಸಿ ಮಾಡೋಣವೆಂದು ಆ ಸತ್ಯವನ್ನು ಫ್ರೀಜರಿನಲ್ಲಿ ಇಟ್ಟಿದ್ದೆ. ನಾನು ಬಾಯಿ ಬಿಟ್ಟರೆ ಇವರು ಊಟದ ಮನೆಗಳಲ್ಲಿ ಮತ್ತೆ ತಲೆ ಎತ್ತುವ ಹಾಗಿರಲಿಲ್ಲ, ಅದು ಇವರಿಗೂ ಗೊತ್ತು. ಯಾರಾದರೂ ಚೀನಾದ ಮಾತು ತೆಗೆದರೆ ಇವರು ಬಾಯ್ಲರ್ ಇನ್ಶೂರೆನ್ಸಿನ ಕಡೆ ಮಾತು ತಿರುಗಿಸುತ್ತಿದ್ದರು. ತಿರುಗಿಸುವಾಗ ಒಂದು ಕಣ್ಣು ನನ್ನ ಮೇಲೆ.

ಕಳೆದ ಶನಿವಾರ ಮಾತ್ರ ತಪ್ಪಿಸಿಕೊಳ್ಳುವುದಕ್ಕೆ ದಾರಿ ಇರಲಿಲ್ಲ. ಬರ್ಮಿಂಗ್‌ಹ್ಯಾಮಿನಲ್ಲಿ ಓದುತ್ತಿರುವ ರಕ್ಷಿತಾ ಎಂಬ ಹುಡುಗಿಯನ್ನೂ ಅವಳ ಗಂಡ ಚೇತನ್‌ನನ್ನೂ ನಸೀಮಾ ಕರೆದಿದ್ದಳು. ರಕ್ಷಿತಾಳ ಚೀನೀ ಸಹಪಾಠಿಯ ಮದುವೆ ಶಿಯಾನ್‌ನಲ್ಲಂತೆ, ಇಬ್ಬರೂ ಹೊರಟಿದ್ದಾರಂತೆ. ನಸೀಮಾ ಕಲಬುರಗಿಯವಳು, ಅವಳೂ ಗಂಡನೂ ಇಬ್ಬರೂ ಡಾಕ್ಟರು. ಮನೆಯಲ್ಲಿ ದಖನಿ ಉರ್ದು, ನಮ್ಮೊಂದಿಗೆ ಕನ್ನಡ, ಎರಡರಲ್ಲೂ ಒಂದೇ ಜೋರು ಗಂಟಲು. "ಬರ್ರಿ ಭಾಯ್‌ಸಾಬ್, ಇಲ್ಲಿ ಕೂಡ್ರಿ. ಈ ಮಕ್ಕಳಿಗೆ ನಿಮ್ಮ ಚೀನಾ ಸ್ವಲ್ಪ ಹೇಳ್ರಿ. ಗೈಡ್ ಇಲ್ದೆ ಹೋಗಬೇಕಂತ ಇವಕ್ಕೆ" ಎಂದು ಎಲ್ಲರ ನಡುವಿನ ಕುರ್ಚಿಯಲ್ಲಿ ಇವರನ್ನು ಕೂರಿಸಿದಳು. ರಾಯತದ ಬಟ್ಟಲು ಹಿಡಿದು ನಾನು ಬಾಗಿಲಲ್ಲಿ ನಿಂತೆ.

ಇವರು ನನ್ನ ಕಡೆ ನೋಡಿದರು. ನಾನು ಮುಖದಲ್ಲಿ ಏನನ್ನೂ ತೋರಿಸಲಿಲ್ಲ. ಬೇಕಿದ್ದರೆ ಮಂಜು ಬೀಳಿಸಲಿ, ಬುದ್ಧನ ಕಣ್ಣು ತೆರೆಸಲಿ, ನೋಡೋಣ ಎಂದುಕೊಂಡೆ. ಬಾಯಿ ಬಿಡಲು ನಾನೂ ಸಿದ್ಧಳಾಗಿದ್ದೆ.

ಇವರು ಗಂಟಲು ಸರಿಮಾಡಿಕೊಂಡರು. "ನಾನು ಚೀನಾ ನೋಡಿದ್ದು ಒಂದೇ ಒಂದು ದಿನ ಕಣಮ್ಮ. ಮಿಕ್ಕಿದ್ದೆಲ್ಲ ಫ್ಯಾಕ್ಟರಿ, ಹೋಟೆಲ್ ರೂಮು. ಹೇಳ್ತಿದ್ದ ಕಥೆಗಳೆಲ್ಲ ಪುಸ್ತಕದಲ್ಲಿ ಓದಿದ್ದು."

ಎಲ್ಲರೂ ಮುಖ ಮುಖ ನೋಡಿಕೊಂಡರು. ಆಮೇಲೆ ಇಡೀ ಕೋಣೆ ನಕ್ಕಿತು. "ಅಂಕಲ್ ಎಷ್ಟು ಹಂಬಲ್!" ಎಂದಳು ರಕ್ಷಿತಾ. "ನಿಜವಾಗ್ಲೂ ಸುತ್ತಿದವರು ಹೀಗೇ ಮಾತಾಡೋದು" ಎಂದ ಚೇತನ್. ನಸೀಮಾಳ ಗಂಡ ಇವರ ಬೆನ್ನು ತಟ್ಟಿದರು. ಇಷ್ಟು ವರ್ಷ ಕಾಗೆ ಹಾರಿಸಿದಾಗ ನಂಬಿದ ಜನ ನಿಜ ಹೇಳಿದ ದಿನ ನಂಬಲಿಲ್ಲ. ಇವರ ಕೀರ್ತಿಗೆ ಈಗ ವಿನಯವೂ ಸೇರಿಕೊಂಡಿತು. ಇವರು ಸೋತ ಮುಖದಿಂದ ನನ್ನನ್ನು ನೋಡಿದರು. ನನಗೆ ನಗು ಬಂತು, ಅದರ ಹಿಂದೆಯೇ ಪಾಪ ಅನ್ನಿಸಿತು. ಆ ಒಂದು ಮಾತನ್ನು ಅಷ್ಟು ಜನರ ನಡುವೆ ಹೇಳಲು ಇವರಿಗೆ ಎಷ್ಟು ಕಷ್ಟವಾಗಿರಬೇಕೆಂದು ನನಗೊಬ್ಬಳಿಗೇ ಗೊತ್ತಿತ್ತು.

ರಕ್ಷಿತಾ ನನ್ನ ಕಡೆ ತಿರುಗಿದಳು. "ಆಂಟಿ, ಅಂಕಲ್ ನಿಮ್ಮನ್ನೂ ಯಾವತ್ತಾದ್ರೂ ಕರ್ಕೊಂಡು ಹೋಗಿದ್ರಾ?"

"ಇಲ್ಲಮ್ಮ" ಎಂದೆ. "ನಾನೇ ಅವರನ್ನ ಕರ್ಕೊಂಡು ಹೋಗಿದ್ದೆ."

ಮತ್ತೆ ಎಲ್ಲರೂ ನಕ್ಕರು. ಇವರೊಬ್ಬರು ನಗಲಿಲ್ಲ. "ಹೌದು, ಅವಳನ್ನ ಕೇಳಿ" ಎಂದು ಎದ್ದು, ನನ್ನ ಕೈಯಿಂದ ರಾಯತದ ಬಟ್ಟಲು ತೆಗೆದುಕೊಂಡು, ಆ ನಡುವಿನ ಕುರ್ಚಿಯನ್ನು ನನಗೆ ಬಿಟ್ಟುಕೊಟ್ಟರು. ನಾನು ಕೂತೆ. ಸ್ಟೇಷನ್ನಿನಿಂದ ಶುರು ಮಾಡಿದೆ. ಇವರು ಗೋಡೆಗೆ ಒರಗಿ, ಬಟ್ಟಲು ಹಿಡಿದೇ ನಿಂತು, ತಾವು ಕಾಣದ ಊರಿನ ಕಥೆ ಕೇಳುವವರಂತೆ ಕೊನೆಯವರೆಗೂ ಕೇಳಿದರು. ಮಧ್ಯೆ ಒಂದು ಸಲವೂ ಬಾಯಿ ಹಾಕಲಿಲ್ಲ.